ಎಡಗಡೆಯ ಬಟ್ಟಲು

ನಮ್ಮ ದ್ವೀಪದಿಂದ ಕಾಗೋಶಿಮಾ ಪೇಟೆಗೆ ಹಡಗಿನಲ್ಲಿ ಹದಿನೈದು ನಿಮಿಷದ ದಾರಿ. ಅಷ್ಟರೊಳಗೆ ಒಂದು ಬಟ್ಟಲು ಬಿಸಿ ಉದೋನ್ ತಿಂದು ಮುಗಿಸಬೇಕು. ದಪ್ಪ ಗೋಧಿ ಶಾವಿಗೆ, ಒಣಮೀನಿನ ಸಾರು, ಮೇಲೊಂದು ಕರಿದ ಮೀನಿನ ವಡೆ, ಒಂದು ಚಿಟಿಕೆ ಈರುಳ್ಳಿ ಸೊಪ್ಪು. ದ್ವೀಪದವರಾದರೆ ಹನ್ನೆರಡನೇ ನಿಮಿಷಕ್ಕೆ ಸಾರಿನ ಕೊನೆಯ ಗುಟುಕನ್ನೂ ಹೀರಿ, ಬಟ್ಟಲನ್ನು ನನ್ನ ಹಲಗೆಯ ಮೇಲಿಟ್ಟು, ಬಾಯೊರೆಸಿಕೊಂಡು ಮೆಟ್ಟಿಲ ಕಡೆ ನಡೆದಿರುತ್ತಾರೆ. ಪೇಟೆಯವರು ದಡ ಬಂದರೂ ಊದಿ ಊದಿ ಆರಿಸುತ್ತಲೇ ಇರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಆ ಹಡಗಿನ ಮೇಲಂತಸ್ತಿನಲ್ಲಿ ಶಾವಿಗೆ ಬೇಯಿಸುತ್ತಿದ್ದೇನೆ. ಒಬ್ಬ ಮನುಷ್ಯ ಬಟ್ಟಲು ಹಿಡಿಯುವುದನ್ನು ನೋಡಿದರೆ ಸಾಕು, ಯಾವ ದಡದವನೆಂದು ಹೇಳಿಬಿಡಬಲ್ಲೆ.

ನನ್ನ ಅಣ್ಣನ ಮಗಳು ಚಿಜುರುವಿನ ಮದುವೆ ಮಾತುಕತೆ ಈ ಹಡಗಿನಲ್ಲೇ ಆಗಲಿ ಎಂದವಳೂ ನಾನೇ. ಬೇರೆ ದಾರಿ ಇರಲಿಲ್ಲ.

ಚಿಜುರುವಿಗೆ ಮೂವತ್ತನಾಲ್ಕು. ಅಪ್ಪ ಕಾನ್‌ಜಿಯ ಜೊತೆ ಬೂದಿ ಉಗುಳುವ ನಮ್ಮ ಬೆಂಕಿ ಬೆಟ್ಟದ ಬುಡದಲ್ಲಿ ಮೂಲಂಗಿ ಬೆಳೆಯುತ್ತಾಳೆ. ನಮ್ಮ ಮೂಲಂಗಿಯೆಂದರೆ ಎರಡು ಕೈಯಲ್ಲಿ ಅಪ್ಪಿ ಎತ್ತಬೇಕು, ಎತ್ತಿದ ಮೇಲೆ ಸೊಂಟ ಹಿಡಿದು ಒಂದು ಗಳಿಗೆ ನಿಲ್ಲಬೇಕು. ಬೂದಿ ಕಲೆತ ಸಡಿಲ ಮಣ್ಣಿನಲ್ಲಲ್ಲದೆ ಅದು ಇನ್ನೆಲ್ಲೂ ಹಾಗೆ ಊದುವುದಿಲ್ಲ. ಹೊಲದ ಅಂಚಿಗೆ ಸಾಲಾಗಿ ಸಣ್ಣ ಕಿತ್ತಳೆ ಗಿಡಗಳಿವೆ. ಹುಡುಗಿ ಅಪ್ಪನಿಗಿಂತ ಚೆನ್ನಾಗಿ ಹೊಲ ನೋಡಿಕೊಳ್ಳುತ್ತಾಳೆ. ಅಪ್ಪನ ಹಾಗೆಯೇ ಹಟದವಳು.

ಹುಡುಗನ ಹೆಸರು ಹಿಸಾತೊ. ಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕೆಲಸ. ಎರಡು ಚಳಿಗಾಲ ಅವಳ ಮೂಲಂಗಿಯನ್ನು ಕೂಗಿ ಕೂಗಿ, ಮೂರನೆಯದಕ್ಕೆ ಅವಳ ಮುಂದೆ ನಿಂತಾಗ ಧ್ವನಿಯೇ ಹೊರಡಲಿಲ್ಲವಂತೆ. ಅಪ್ಪನಿಲ್ಲದ ಒಬ್ಬನೇ ಮಗ. ಅವನ ತಾಯಿ ಇತ್ಸುಕೊ ಪೇಟೆಯ ಮಧ್ಯದಲ್ಲಿ ಮೀನಿನ ವಡೆಯ ಅಂಗಡಿ ನಡೆಸುವಾಕೆ. ತಾಯಿ ಒಪ್ಪದೆ ಅವನು ಮದುವೆಯಾಗಲಾರ, ಮಣ್ಣು ಬಿಟ್ಟು ಚಿಜುರು ಬರಲಾರಳು. ಇಬ್ಬರೂ ಒಳ್ಳೆಯವರು. ಒಳ್ಳೆಯವರ ಜೊತೆ ಜಗಳವಾಡಿ ಗೆಲ್ಲುವುದು ಕಷ್ಟ.

ಇತ್ಸುಕೊಗೆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದುದು ಬೆಟ್ಟದ ಮೇಲೆ. ಅರವತ್ತೆಂಟು ವರ್ಷ ಅದನ್ನು ಎದುರಿಗೇ ನೋಡುತ್ತ ಬದುಕಿದವಳು ಒಂದು ದಿನವೂ ನಮ್ಮ ದ್ವೀಪಕ್ಕೆ ಕಾಲಿಟ್ಟಿರಲಿಲ್ಲ. ಮದುವೆಯ ಮಾತಿಗೆಂದು ನಾನು ಫೋನು ಮಾಡಿದಾಗ ಆಕೆ ಹೇಳಿದ್ದು ಇಷ್ಟು:

"ನೋಡೀಮ್ಮ, ಬೇಸಿಗೆ ಬಂತು ಅಂದ್ರೆ ಗಾಳಿ ಈ ಕಡೆ ತಿರುಗುತ್ತೆ, ಬೂದಿ ಎಲ್ಲ ನಮ್ಮ ಮೇಲೆ. ನಲವತ್ತು ವರ್ಷದಿಂದ ಅಂಗಡಿ ಗಾಜು ಒರೆಸ್ತಿದ್ದೀನಿ. ಒಗೆದಿದ್ದನ್ನ ಮತ್ತೆ ಒಗೆದಿದ್ದೀನಿ. ಮನೆ ಮುಂದೆ ದಿನಾ ಕಸ ಎಸೆಯೋರ ಮನೆಗೆ ನಾನೇ ಹೋಗಿ, ಚೆನ್ನಾಗಿದ್ದೀರಾ ಅಂತ ಕೇಳ್ಲಾ? ಅವ್ರೇ ಬರ್ಲಿ."

ಅಣ್ಣ ಕಾನ್‌ಜಿಗೆ ಹೇಳಿದೆ. ಅವನು ಬೂದಿ ಗುಡಿಸುತ್ತಿದ್ದವನು ಪೊರಕೆ ನಿಲ್ಲಿಸಿ, "ನಮ್ಮನೆ ಹೊಸಿಲು ತುಳಿಯಲ್ಲ ಅನ್ನೋರ ಹೊಸಿಲು ನಾನ್ಯಾಕೆ ತುಳೀಲಿ?" ಎಂದು ಮತ್ತೆ ಗುಡಿಸತೊಡಗಿದ.

"ಹಂಗಾದ್ರೆ ಹಡಗಲ್ಲಿ ಕೂತ್ಕೊಳ್ಳಿ," ಎಂದೆ. "ಕಡಲು ಯಾರ ಮನೇನೂ ಅಲ್ಲ. ಹದಿನೈದು ನಿಮಿಷ. ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ರೆ ನೀವಿಬ್ರೂ ಕೆಡಿಸ್ತೀರಿ."

ಇಷ್ಟರಲ್ಲಿ ನಾನು ಮುಚ್ಚಿಟ್ಟ ಒಂದು ಸಂಗತಿಯಿತ್ತು. ಹಿಸಾತೊ ತಾಯಿಗೆ, "ದ್ವೀಪಕ್ಕೆ ನಾನೂ ಹೋಗಿಲ್ಲಮ್ಮ, ನೀನು ಒಪ್ಪದೆ ಹೋಗಲ್ಲ," ಎಂದು ಮಾತು ಕೊಟ್ಟಿದ್ದ. ಕೊಟ್ಟು, ಸೆಪ್ಟೆಂಬರಿನಿಂದ ಪ್ರತಿ ಭಾನುವಾರವೂ ಹೋಗುತ್ತಿದ್ದ. ಮನೆಯಲ್ಲಿ ಮೀನು ಹಿಡಿಯಲು ಹೊರಟೆ ಎನ್ನುವುದು, ಗಾಳದ ಕೋಲು ಹೆಗಲಿಗೇರಿಸಿ ಹತ್ತು ಗಂಟೆಯ ಹಡಗು ಹತ್ತುವುದು, ನನ್ನ ಬಳಿ ಈರುಳ್ಳಿ ಸೊಪ್ಪು ಜಾಸ್ತಿ ಹಾಕಿಸಿಕೊಂಡು ಒಂದು ಬಟ್ಟಲು ತಿನ್ನುವುದು, ಕೋಲನ್ನು ನನ್ನ ಹಿಟ್ಟಿನ ಮೂಟೆಗಳ ಹಿಂದೆ ಅಡಗಿಸಿಟ್ಟು ದ್ವೀಪಕ್ಕೆ ಇಳಿಯುವುದು. ಹಗಲೆಲ್ಲ ಅಣ್ಣನ ಹೊಲದಲ್ಲಿ ಕಳೆ ಕೀಳುತ್ತಿದ್ದ, ಮಧ್ಯಾಹ್ನ ಅಲ್ಲೇ ಉಣ್ಣುತ್ತಿದ್ದ. ಸಂಜೆ ಪೇಟೆಯ ಬಂದರಿನಲ್ಲಿ ಎರಡು ಮೀನು ಕೊಂಡು ಮನೆಗೆ.

"ಅತ್ತೆ, ನಾಳೆ ನೀನು ಹಿಸಾತೊ ಅವ್ರನ್ನ ಮೊದಲ ಸಲ ನೋಡ್ತಿರೋದು. ನೆನಪಿರ್ಲಿ," ಎಂದು ಚಿಜುರು ಮಾತುಕತೆಯ ಹಿಂದಿನ ದಿನ ಹತ್ತು ಸಲ ಹೇಳಿದಳು. ಆಮೇಲೆ ಕೈಯ ಮಣ್ಣನ್ನು ಉಗುರಿನಿಂದ ಕೆರೆಯುತ್ತ, "ನಾಳೆ ಆಗ್ಲಿಲ್ಲ ಅಂದ್ರೆ ಮುಗೀತು ಅತ್ತೆ. ಅವ್ರಮ್ಮನ್ನ ಅಳಿಸಿ ನಾನು ಆ ಮನೆ ಸೊಸೆ ಆಗಲ್ಲ. ಇನ್ನೊಬ್ಬರ ಮುಂದೆ ಹೋಗಿ ಕೂರೋದೂ ಇಲ್ಲ," ಎಂದಳು. ಅವಳು ಹಾಗೆಂದರೆ ಹಾಗೆಯೇ. ಅವಳ ಅಮ್ಮನಿದ್ದರೆ ಏನಾದರೂ ಹೇಳುತ್ತಿದ್ದಳೇನೋ. ಅತ್ತಿಗೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಡಿಸೆಂಬರಿನ ಮೊದಲ ಭಾನುವಾರ. ಚಳಿಗಾಲದಲ್ಲಿ ಗಾಳಿ ಪೇಟೆಯ ಕಡೆಯಿಂದ ಬೀಸಿ ಬೂದಿಯನ್ನು ಬೆಟ್ಟದ ಆಚೆ ಬೆನ್ನಿಗೆ, ಅಣ್ಣನ ಹೊಲವಿರುವ ಕಡೆಗೆ, ಒಯ್ಯುತ್ತದೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅಣ್ಣ ಕರಿಯ ಸೂಟು ಹಾಕಿದ್ದ. ಮದುವೆಗೂ ಸಾವಿಗೂ ಅವನಿಗಿರುವುದು ಅದೊಂದೇ, ಟೈ ಮಾತ್ರ ಬೇರೆ. ಟೈ ಬಿಳಿಯದೇ ಹೌದೋ ಎಂದು ಚಿಜುರು ಎರಡು ಸಲ ಮುಟ್ಟಿ ನೋಡಿದಳು. ಕಾಲ ಬಳಿ ಒಂದು ಬುಟ್ಟಿ ಕಿತ್ತಳೆ. ಅಪ್ಪ ಮಗಳಿಬ್ಬರೂ ದ್ವೀಪದಿಂದ ಹತ್ತಿ ಪೇಟೆಯವರೆಗೆ ಬಂದರು.

ಪೇಟೆಯ ದಡದಲ್ಲಿ ಇತ್ಸುಕೊ ಮಗನ ಜೊತೆ ಹತ್ತಿದಳು. ಸಣ್ಣ ಮೈಯ ಹೆಂಗಸು. ಬೂದು ಬಣ್ಣದ ಕಿಮೋನೊ, ಕೈಯಲ್ಲಿ ಮಡಿಸಿದ ಕೊಡೆ, ಇನ್ನೊಂದು ಕೈಯಲ್ಲಿ ನೇರಳೆ ಬಟ್ಟೆಯಲ್ಲಿ ಕಟ್ಟಿದ ಪೆಟ್ಟಿಗೆ. ಅದು ಅವಳ ಅಂಗಡಿಯ ವಡೆಯೆಂದು ವಾಸನೆಯಿಂದಲೇ ಗೊತ್ತಾಯಿತು. ಕೊಡಲು ತಂದದ್ದು. ಕೊಡುತ್ತಾಳೋ ಇಲ್ಲವೋ ಅವಳೇ ಇನ್ನೂ ತೀರ್ಮಾನಿಸಿರಲಿಲ್ಲ. ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಳು.

ಕಿಟಕಿಯುದ್ದಕ್ಕೂ ಒಂದು ಹಲಗೆ, ಅದರ ಮುಂದೆ ಸಾಲಾಗಿ ಸ್ಟೂಲುಗಳು. ಬೆಟ್ಟ ಕಾಣದ ಕಡೆಯ ಕಿಟಕಿ ಬೇಕೆಂದು ಇತ್ಸುಕೊ ಎಡತುದಿಯ ಗೋಡೆಗೆ ಅಂಟಿಕೊಂಡಳು. ಅವಳ ಬಲಕ್ಕೆ ಅಣ್ಣ, ಅವನ ಬಲಕ್ಕೆ ಚಿಜುರು, ಕೊನೆಗೆ ಹಿಸಾತೊ. ಮಗ ತಾಯಿಯಿಂದ ಎಷ್ಟು ದೂರ ಕೂರಬಹುದೋ ಅಷ್ಟು ದೂರ ಕೂತಿದ್ದ. ಹಡಗು ಸಿಳ್ಳೆ ಹಾಕಿ ದ್ವೀಪದ ಕಡೆ ಹೊರಳಿತು.

ನಾನು ನಾಲ್ಕು ಬಟ್ಟಲು ತಂದಿಟ್ಟೆ. ಇಡುವಾಗಲೇ ಒಂದು ತಪ್ಪು ಮಾಡಿದೆ.

ಇತ್ಸುಕೊ ತನ್ನ ಬಟ್ಟಲು ನೋಡಿದಳು, ಅಣ್ಣನದು ನೋಡಿದಳು, ಕೊನೆಯಲ್ಲಿ ಮಗನ ಬಟ್ಟಲಿನತ್ತ ಕತ್ತು ಚಾಚಿದಳು. ಅವನದರಲ್ಲಿ ಈರುಳ್ಳಿ ಸೊಪ್ಪು ಹಸಿರು ಗುಡ್ಡದ ಹಾಗೆ ನಿಂತಿತ್ತು.

"ಇವ್ನಿಗೆ ಸೊಪ್ಪು ಅಂದ್ರೆ ಇಷ್ಟ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

"ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದೆ. ಬಾಯಿಗೆ ಬಂದದ್ದು ಅದೇ.

"ನನ್ನ ಮುಖ ನೋಡಿದ್ರೆ ಏನು ಗೊತ್ತಾಗುತ್ತೆ?"

"ವಡೆ ಬಗ್ಗೆ ಏನೋ ಹೇಳ್ತೀರ ಅಂತ."

ಅವಳು ವಡೆಯ ತುದಿ ಕಚ್ಚಿದಳು. ನಿಧಾನವಾಗಿ ಅಗಿದಳು. ನನ್ನ ವಡೆ ದೊಡ್ಡ ಕಾರ್ಖಾನೆಯಿಂದ ಬರುವಂಥದ್ದು, ನಾಚಿಕೆಯೇನಿಲ್ಲ, ಆದರೂ ನನ್ನ ಕಿವಿ ಬಿಸಿಯಾಯಿತು.

"ಹಿಟ್ಟು ಜಾಸ್ತಿ," ಎಂದಳು. ಮತ್ತೆ ಕಚ್ಚಿ, "ಮೀನು ಪಕ್ಕದಲ್ಲಿ ಹಾಯ್ದು ಹೋಗಿದೆ ಅಷ್ಟೇ." ಸಾರು ಹೀರಿದಳು. "ಸಾರು ಚೆನ್ನಾಗಿದೆ. ಸಾರಿಗೆ ನಾನೇನೂ ಹೇಳಲ್ಲ."

ಎರಡು ನಿಮಿಷ ಹೀಗೇ ಹೋಯಿತು. ನಾಲ್ಕೂ ಜನ ಕಡಲನ್ನೇ ನೋಡುತ್ತ ತಿಂದರು. ಕೆಳಗಿನ ಅಂತಸ್ತಿನಲ್ಲಿ ವಾಹನಗಳು ಹಡಗಿನ ಜೊತೆ ಸಣ್ಣಗೆ ಅಲುಗುತ್ತಿದ್ದವು. ಕೊನೆಗೆ ಇತ್ಸುಕೊ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟು ಅಣ್ಣನ ಕಡೆ ತಿರುಗಿದಳು.

"ಯಜಮಾನ್ರೇ, ಸುತ್ತಿ ಬಳಸಿ ಮಾತಾಡೋಕೆ ಹೊತ್ತಿಲ್ಲ. ನಿಮ್ಮ ಹುಡುಗಿ ಮೇಲೆ ನನಗೇನೂ ಬೇಜಾರಿಲ್ಲ. ಕೈ ನೋಡಿದೆ, ದುಡಿಯೋ ಕೈ. ನಮ್ಮ ಅಂಗಡಿ ಮೇಲೆ ಎರಡು ಕೋಣೆ ಇದೆ. ಬರ್ಲಿ, ಇರ್ಲಿ."

"ಮೂಲಂಗಿ?" ಎಂದ ಅಣ್ಣ.

"ಮೂಲಂಗಿ ಏನು?"

"ಮೂಲಂಗೀನೂ ನಿಮ್ಮ ಕೋಣೇಲಿ ಬೆಳೆಯುತ್ತಾ ಅಂತ."

"ಅಪ್ಪಾ," ಎಂದಳು ಚಿಜುರು ಮೆಲ್ಲಗೆ.

"ನಾನೇನು ತಮಾಷೆ ಮಾಡ್ಲಿಲ್ಲ. ನನಗೆ ಎಪ್ಪತ್ತೊಂದು. ಬೆನ್ನು ಬಗ್ಗಲ್ಲ. ಹೊಲ ಅವಳದು, ನಂದಲ್ಲ. ನಿಮ್ಮ ಹುಡುಗ ನಮ್ಮಲ್ಲೇ ಬಂದಿರ್ಲಿ. ಬೆಳಗಿನ ನಾಲ್ಕೂವರೆ ಹಡಗು ಹತ್ತಿದ್ರೆ ಐದಕ್ಕೆ ಮಾರ್ಕೆಟ್ಟು."

"ನನ್ನ ಮಗ ಆ ಬೆಟ್ಟದ ಬುಡದಲ್ಲಾ?" ಇತ್ಸುಕೊ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಅವ್ನಿಗೆ ಆ ಜಾಗದ ಗಂಧವೇ ಇಲ್ಲ. ಒಂದು ಸಲ ಕಾಲಿಟ್ಟಿಲ್ಲ. ಬೂದಿ ಕೆಳಗೆ ಹೆಂಗೆ ಉಣ್ಣಬೇಕು, ಹೆಂಗೆ ಉಸಿರಾಡಬೇಕು, ಒಂದೂ ಗೊತ್ತಿಲ್ಲ. ಅಲ್ವೇನೋ?"

ಹಿಸಾತೊ ಬಟ್ಟಲಿನೊಳಗೆ ಮುಖವಿಟ್ಟು, "ಹೂಂ," ಎಂದ. ಮಾರುಕಟ್ಟೆಯಲ್ಲಿ ಇನ್ನೂರು ಜನರ ಮೇಲೆ ಕೇಳುವ ಧ್ವನಿ ಶಾವಿಗೆಯ ಸಂದಿನಿಂದ ಗುಳುಗುಳು ಎಂದು ಬಂತು. ಚಿಜುರು ನನ್ನತ್ತ ಒಂದು ಸಲ ನೋಡಿದಳು. ಆ ನೋಟ ಬತ್ತಿಹೋಗಿತ್ತು. ಗಡಿಯಾರದಲ್ಲಿ ಎಂಟು ನಿಮಿಷ ಕಳೆದಿತ್ತು.

ಇಲ್ಲಿ ನಮ್ಮ ಮನೆಯ ಒಂದು ಅಭ್ಯಾಸವನ್ನು ಹೇಳಬೇಕು. ನಾವು ಆರು ಮಕ್ಕಳು. ಬೆಳೆಯ ಕಾಲದಲ್ಲಿ ಊಟ ಹೊಲದಲ್ಲೇ. ಅಮ್ಮ ನಮ್ಮನ್ನು ದುಂಡಗೆ ಕೂರಿಸುತ್ತಿದ್ದಳು. ಬೆಟ್ಟ ಗುಡುಗಿದರೆ ಎರಡು ಮೂರು ಉಸಿರಿನೊಳಗೆ ಬೂದಿ ತಲೆ ಮೇಲೆ ಬಿದ್ದ ದಿನಗಳೂ ಇದ್ದವು. ಊಟದ ಬಟ್ಟಲು ಮುಚ್ಚಬೇಕು. ಎಲ್ಲರೂ ತಂತಮ್ಮ ಬಟ್ಟಲು ಮುಚ್ಚಿಕೊಂಡರೆ ಕೊನೆಯ ಇಬ್ಬರು ಚಿಕ್ಕವರದು ತೆರೆದೇ ಉಳಿಯುತ್ತಿತ್ತು, ಅವಕ್ಕೆ ಕಡ್ಡಿ ಹಿಡಿಯುವುದೇ ಸಾಹಸ. ಅದಕ್ಕೆ ಅಮ್ಮ ಒಂದು ಕಟ್ಟು ಮಾಡಿದಳು. ಬಲಗೈಯಲ್ಲಿ ಕಡ್ಡಿ ಇರುತ್ತದೆ, ಎಡಗೈ ಬಿಡುವಾಗಿರುತ್ತದೆ. ಆ ಎಡಗೈಯಿಂದ ಎಡಗಡೆ ಕೂತವರ ಬಟ್ಟಲು ಮುಚ್ಚು. ನಿನ್ನದನ್ನು ನಿನ್ನ ಬಲಗಡೆಯವರು ನೋಡಿಕೊಳ್ಳುತ್ತಾರೆ. ತನ್ನ ಬಟ್ಟಲು ತಾನು ಮುಚ್ಚಿಕೊಂಡವರಿಗೆ ಬೆನ್ನ ಮೇಲೆ ಒಂದು ಬೀಳುತ್ತಿತ್ತು. ಅಮ್ಮ ಹೋಗಿ ಎಷ್ಟೋ ವರ್ಷವಾದರೂ ಆ ಅಭ್ಯಾಸ ನಮ್ಮ ಕೈ ಬಿಟ್ಟಿಲ್ಲ. ಬೇರೆ ಮನೆಯವರು ನಗುತ್ತಾರೆ. ನಗಲಿ.

ಕೆಳಗೆ ವಾಹನಗಳ ನಡುವೆ ಖಾಲಿ ಡ್ರಮ್ಮುಗಳನ್ನು ಹೇರಿದ ಒಂದು ಲಾರಿಯಿತ್ತು. ದೊಡ್ಡ ಹಡಗೊಂದು ದೂರದಲ್ಲಿ ಹಾದು ಅದರ ಅಲೆ ನಮಗೆ ಬಂದು ತಾಗಿತು. ಲಾರಿಯ ಹಗ್ಗ ಎಲ್ಲೋ ಸಡಿಲಿತ್ತೆಂದು ಕಾಣುತ್ತದೆ. ಒಂದು ಡ್ರಮ್ಮು ಕಬ್ಬಿಣದ ನೆಲಕ್ಕೆ ಉರುಳಿತು.

ದಢಾರ್!

ಕಾಲ ಕೆಳಗಿನ ನೆಲ ನಡುಗಿತು. ಕಿಟಕಿಗಳು ಮುಚ್ಚಿದ್ದವು, ತಲೆ ಮೇಲೆ ಚಾವಣಿಯಿತ್ತು, ಗಾಳಿ ಬೆಟ್ಟದ ಆಚೆಗೆ ಬೀಸುತ್ತಿತ್ತು. ಇವೆಲ್ಲ ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ನಾನು ಸಾರಿನ ಹಂಡೆಗೆ ಮುಚ್ಚಳ ಬಡಿದೆ. ಬಡಿದು ತಿರುಗಿ ನೋಡುತ್ತೇನೆ: ಅಣ್ಣನ ಎಡಗೈ ಇತ್ಸುಕೊಳ ಬಟ್ಟಲಿನ ಮೇಲೆ, ಹೆಬ್ಬೆರಳು ಸಾರಿನೊಳಗೆ. ಚಿಜುರುವಿನ ಎಡಗೈ ಅಣ್ಣನ ಬಟ್ಟಲಿನ ಮೇಲೆ. ಹಿಸಾತೊನ ಎಡಗೈ ಚಿಜುರುವಿನ ಬಟ್ಟಲಿನ ಮೇಲೆ.

ಮೂರು ಕೈ, ಒಂದೇ ಏಟಿಗೆ, ಒಂದೇ ಕಡೆಗೆ.

ಕೆಳಗಿನಿಂದ ಯಾರೋ, "ಡ್ರಮ್ಮು ಡ್ರಮ್ಮು! ಏನಿಲ್ಲ!" ಎಂದು ಕೂಗಿದರು.

ಅಣ್ಣ ಹೆಬ್ಬೆರಳು ತೆಗೆದ. "ತಪ್ಪಾಯ್ತು. ಅಭ್ಯಾಸ. ಬೇರೆ ಬಟ್ಟಲು ಕೊಡಿಸ್ತೀನಿ..." ಎಂದು ತೊದಲಿದ.

ಇತ್ಸುಕೊ ಅವನ ಹೆಬ್ಬೆರಳನ್ನು ನೋಡುತ್ತಿರಲಿಲ್ಲ. ಅಣ್ಣನ ಕೈ, ಚಿಜುರುವಿನ ಕೈ, ಹೀಗೆ ಸಾಲನ್ನು ಹಿಡಿದು ನೋಡುತ್ತ ಹೋಗಿ ಕೊನೆಯ ಕೈಯಲ್ಲಿ ನಿಂತಿದ್ದಳು. ಹಿಸಾತೊ ಅದನ್ನು ಇನ್ನೂ ಹಿಂದಕ್ಕೆ ತೆಗೆದಿರಲಿಲ್ಲ. ತೆಗೆದರೆ ಕಳ್ಳನಾಗುತ್ತೇನೆ, ಇಟ್ಟರೂ ಕಳ್ಳನೇ ಎಂದು ಅವನ ಮುಖ ಹೇಳುತ್ತಿತ್ತು.

"ಅದು ಯಾರ ಅಭ್ಯಾಸ?" ಎಂದಳು ಇತ್ಸುಕೊ.

"ನಮ್ಮನೆದು," ಎಂದ ಅಣ್ಣ, ಪಾಪ, ನಿಜ ಹೇಳಿ. "ಬೆಟ್ಟ ಗುಡುಗಿದ್ರೆ ಎಡಗಡೆಯವರ ಬಟ್ಟಲು ಮುಚ್ಚೋದು. ನಮ್ಮಮ್ಮ ಹಾಕಿದ ಕಟ್ಟು."

"ನಿಮ್ಮನೆದು. ಬೇರೆ ಎಲ್ಲೂ ಇಲ್ಲ."

"ಇಲ್ಲ," ಎಂದ ಅಣ್ಣ. ಹೇಳಿದ ಮೇಲೆ ಅವನಿಗೆ ಹೊಳೆಯಿತು. ಕಣ್ಣು ಮುಚ್ಚಿಕೊಂಡ.

"ಹಿಸಾತೊ."

"ಅಮ್ಮಾ."

"ಎಷ್ಟು ಊಟ?"

"ಏನಮ್ಮಾ?"

"ಕೈ ತಾನಾಗೇ ಹಂಗೆ ಹಾರೋದು ಕಲಿಯೋಕೆ ಎಷ್ಟು ಊಟ ಬೇಕಾಯ್ತು ಅಂತ ಕೇಳ್ದೆ."

ಹಿಸಾತೊ ಚಿಜುರುವನ್ನು ನೋಡಿದ. ಚಿಜುರು ಬೆನ್ನು ನೆಟ್ಟಗೆ ಮಾಡಿ, "ಹದಿಮೂರು," ಎಂದಳು. "ಸೆಪ್ಟೆಂಬರಿಂದ. ಮೊದಲ ಮೂರು ಊಟದಲ್ಲಿ ತಪ್ಪು ಕಡೆ ಮುಚ್ತಿದ್ರು. ನಿಮ್ಮ ಹತ್ರ ಮುಚ್ಚಿಟ್ಟಿದ್ದು ತಪ್ಪು. ಕ್ಷಮಿಸಿ ಅಂತ ಕೇಳೋದಿಕ್ಕೂ ಮುಖ ಇಲ್ಲ."

"ಹದಿಮೂರು ಭಾನುವಾರ," ಎಂದಳು ಇತ್ಸುಕೊ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಈರುಳ್ಳಿ ಸೊಪ್ಪು."

ಹೋದ ಭಾನುವಾರ ಅವನು ಮರೆತುಹೋಗಿದ್ದ ಗಾಳದ ಕೋಲನ್ನು ನಾನು ಹಿಟ್ಟಿನ ಮೂಟೆಯ ಹಿಂದಿನಿಂದ ತೆಗೆದು ಗೋಡೆಗೆ ಒರಗಿಸಿದೆ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಅದಕ್ಕೆ ದಾರವನ್ನೂ ಕಟ್ಟಿರಲಿಲ್ಲ.

ಇತ್ಸುಕೊ ಕೋಲು ನೋಡಿದಳು. ಅವಳ ಗಲ್ಲ ನಡುಗಿತು. ಅಳುತ್ತಾಳೆಂದುಕೊಂಡೆ. ಚಿಜುರುವೂ ಹಾಗೇ ಅಂದುಕೊಂಡು ಎದ್ದು ನಿಂತಳು. ಅಳಲಿಲ್ಲ. ಮೂಗಿನಿಂದ ಒಂದು ಸದ್ದು ಬಂತು, ಕುದಿಯುವ ಪಾತ್ರೆಯ ಮುಚ್ಚಳ ಎದ್ದ ಹಾಗೆ. ಆಮೇಲೆ ಇನ್ನೊಂದು. ಆಮೇಲೆ ಹೆಂಗಸು ಪೆಟ್ಟಿಗೆಯ ಮೇಲೆ ಬಾಗಿ ನಗತೊಡಗಿದಳು.

"ಲೋ ದಡ್ಡ! ನಲವತ್ತು ವರ್ಷ ಮೀನು ಅರೆದು ಹೊಟ್ಟೆ ಹೊರೆದೋಳು ನಾನು. ಎರಡು ದಿನ ಐಸಲ್ಲಿ ಮಲಗಿದ್ದ ಮೀನು ತಂದು, 'ಈಗ ತಾನೇ ಹಿಡಿದೆ ಅಮ್ಮಾ' ಅಂತ ನನ್ನ ಕೈಗೆ ಕೊಡ್ತೀಯಲ್ಲ! ಕಣ್ಣು ನೋಡಿದ್ರೆ ಗೊತ್ತಾಗಲ್ವಾ? ಮೀನಿನ ಕಣ್ಣು! ಹದಿಮೂರು ವಾರ ನಿದ್ದೆ ಮಾಡಿಲ್ಲ ಕಣೋ. ಜೂಜಿಗೆ ಬಿದ್ದಿದ್ದಾನೆ ಅಂದ್ಕೊಂಡೆ. ಭಾನುವಾರ ಆದ್ರೆ ಸಾಕು ಓಡ್ತಾನೆ, ಸಂಜೆ ಸುಸ್ತಾಗಿ ಬರ್ತಾನೆ, ಉಗುರಲ್ಲಿ ಕರಿ ಮಣ್ಣು. ಜೂಜಾಡೋರ ಉಗುರಲ್ಲಿ ಮಣ್ಣು ಯಾಕೆ ಅಂತ ಹೊಳೀಲೇ ಇಲ್ಲ ನೋಡು ನನಗೆ!"

"ಕಳೆ ಕೀಳ್ತಾನೆ," ಎಂದ ಅಣ್ಣ. "ಚೆನ್ನಾಗಿ ಕೀಳ್ತಾನೆ. ಬೇರು ಸಮೇತ."

"ನೀವು ಸುಮ್ನಿರಿ! ನೀವೂ ಕಳ್ಳರೇ." ಕಣ್ಣೊರೆಸಿಕೊಂಡು ಅವಳು ಅಣ್ಣನ ಕಡೆ ಬೆರಳು ತೋರಿಸಿದಳು. "ಎಲ್ಲ ಗೊತ್ತಿಟ್ಕೊಂಡು, 'ನಾಲ್ಕೂವರೆ ಹಡಗು, ಐದಕ್ಕೆ ಮಾರ್ಕೆಟ್ಟು' ಅಂತೀರ. ನನ್ನ ಮನೇಲಿ ಮೂವತ್ತಾರು ವರ್ಷ ಉಣ್ಣಿಸಿದೀನಿ ಇವ್ನಿಗೆ. ತಿಂದ ತಟ್ಟೆ ಎತ್ತಿಡೋದು ಕಲೀಲಿಲ್ಲ. ನಿಮ್ಮನೇಲಿ ಹದಿಮೂರು ಊಟದಲ್ಲಿ ಪಕ್ಕದವರ ಬಟ್ಟಲು ಕಾಯೋದು ಕಲಿತುಬಿಟ್ಟ!"

ಸ್ವಲ್ಪ ದೂರದಲ್ಲಿ ಕೂತಿದ್ದ ಇಬ್ಬರು ಮುದುಕಿಯರು ಶಾವಿಗೆ ಬಿಟ್ಟು ಇತ್ತಲೇ ನೋಡುತ್ತಿದ್ದರು. ಹನ್ನೊಂದು ನಿಮಿಷ. ಕಿಟಕಿಯಾಚೆ ದ್ವೀಪದ ಕರಿಯ ಬಂಡೆಗಳು ಒಂದೊಂದಾಗಿ ಕಾಣತೊಡಗಿದ್ದವು.

ಇತ್ಸುಕೊ ನಗು ನಿಲ್ಲಿಸಿದಳು. ನಿಲ್ಲಿಸಿ, ಸಾಲಿನ ಕೊನೆಯನ್ನು ಮತ್ತೆ ನೋಡಿದಳು. ಈ ಸಲ ಮಗನ ಕೈಯನ್ನಲ್ಲ, ಅವನ ಬಟ್ಟಲನ್ನು. ಅವನ ಬಲಗಡೆಯ ಸ್ಟೂಲಿನಲ್ಲಿ ಯಾರೂ ಇರಲಿಲ್ಲ.

"ಎಲ್ಲರದ್ದೂ ಮುಚ್ಚಿತು," ಎಂದಳು. "ನನ್ನದೂ ಮುಚ್ಚಿತು. ನನ್ನ ಮಗನದು ಮಾತ್ರ ಬಾಯಿ ತೆರ್ಕೊಂಡು ಕೂತಿತ್ತು. ಅದನ್ನ ಯಾರು ಮುಚ್ಚೋದು?"

ಕೇಳಿದ ರೀತಿಯಲ್ಲಿ ತಮಾಷೆ ಇರಲಿಲ್ಲ. ಅವಳು ಇಷ್ಟು ದಿನ ಕೇಳಬೇಕೆಂದಿದ್ದದ್ದು ಇದನ್ನೇ ಎಂದು ನನಗೆ ಅನ್ನಿಸಿತು. ಬೆಟ್ಟ, ಬೂದಿ, ಗಾಜು ಎಲ್ಲ ಇದರ ಮೇಲಿನ ಹೊದಿಕೆ.

ಉತ್ತರ ಹೇಳಿದವನು ಅಣ್ಣ. ಮಾತು ಹುಡುಕುವಾಗ ಅವನು ಬಟ್ಟಲಿನ ಅಂಚನ್ನು ಬೆರಳಿನಿಂದ ಸುತ್ತುತ್ತಾನೆ. ಹಾಗೆ ಸುತ್ತುತ್ತ ಹೇಳಿದ:

"ಇಲ್ಲಿ ಸಾಲಾಗಿ ಕೂತಿದ್ದೀವಲ್ಲ, ಅದಕ್ಕೆ ಹಂಗೆ. ನಮ್ಮನೆ ಮೇಜು ದುಂಡಗಿದೆ. ಸಾಲಲ್ಲಾದ್ರೆ ಕೊನೆ ಅಂತ ಒಂದು ಇರುತ್ತೆ, ದುಂಡಗಾದ್ರೆ ಇರಲ್ಲ. ಇವನ ಎಡಕ್ಕೆ ಚಿಜುರು, ಅವಳ ಎಡಕ್ಕೆ ನಾನು. ನನ್ನ ಎಡಕ್ಕೆ..." ಸುತ್ತುತ್ತಿದ್ದ ಬೆರಳು ನಿಂತಿತು. "ಅಲ್ಲಿ ನಮ್ಮವಳು ಕೂರ್ತಿದ್ಲು. ಈಗ ಖಾಲಿ. ಬೆಟ್ಟ ಗುಡುಗಿದ್ರೆ ಆ ಜಾಗ ದಾಟಿ ನಿಮ್ಮ ಹುಡುಗನ ಬಟ್ಟಲು ನಾನೇ ಮುಚ್ಚಬೇಕು. ನನ್ನ ಕೈ ಅಷ್ಟು ದೂರ ಎಟುಕಲ್ಲ ಕಣಮ್ಮ. ಎರಡು ಸಲ ಅವನು ಬೂದಿ ತಿಂದ. ಒಂದು ಮಾತು ಆಡ್ದೆ ತಿಂದ."

ಇತ್ಸುಕೊ ಮಗನನ್ನು ನೋಡಿದಳು. "ತಿಂದ್ಯಾ?"

"ಸ್ವಲ್ಪ ಕರಕರ ಅಂತು, ಅಷ್ಟೇ," ಎಂದ ಹಿಸಾತೊ.

ಹಡಗಿನ ವೇಗ ತಗ್ಗಿತು. ಕೆಳಗೆ ವಾಹನಗಳು ಒಂದೊಂದಾಗಿ ಗುರುಗುಟ್ಟತೊಡಗಿದವು. ನಾವು ಮೊದಲು ಮಾತಾಡಿಕೊಂಡಿದ್ದ ಪ್ರಕಾರ ಅಪ್ಪ ಮಗಳು ಇಲ್ಲಿ ಇಳಿಯಬೇಕು, ತಾಯಿ ಮಗ ಇದೇ ಹಡಗಿನಲ್ಲಿ ಹಿಂತಿರುಗಬೇಕು. ಅಣ್ಣ ಎದ್ದು ಕಿತ್ತಳೆ ಬುಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಇತ್ಸುಕೊಳ ಮುಂದೆ ಹಿಡಿದು ತಲೆ ಬಾಗಿಸಿದ. ಅವಳು ಬುಟ್ಟಿ ತೆಗೆದುಕೊಳ್ಳಲಿಲ್ಲ. ಬಟ್ಟಲೆತ್ತಿ, ಅಣ್ಣನ ಹೆಬ್ಬೆರಳು ಮುಳುಗಿದ್ದ ಸಾರನ್ನು ಕೊನೆಯ ಹನಿಯವರೆಗೆ ಕುಡಿದು, ಬಟ್ಟಲನ್ನು ಹಲಗೆಯ ಮೇಲೆ ಟಪ್ಪೆಂದು ಇಟ್ಟಳು. ನಾನು ಗಡಿಯಾರ ನೋಡಿದೆ. ಹದಿನಾಲ್ಕನೇ ನಿಮಿಷ. ಪೇಟೆಯವರಲ್ಲಿ ಹಾಗೆ ಮುಗಿಸಿದವರು ಕಡಿಮೆ.

"ಬುಟ್ಟಿ ನೀವೇ ಹೊತ್ಕೊಳ್ಳಿ," ಎಂದಳು. "ನಿಮ್ಮನೆಗೇ ಬರ್ತೀನಲ್ಲ, ಇಲ್ಲಿಂದ ಹೊತ್ಕೊಂಡು ಹೋಗಿ ಮತ್ತೆ ತರ್ಲಾ?"

ಚಿಜುರುವಿನ ಮುಖ ನೋಡಬೇಕಿತ್ತು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ನಾಲ್ಕು ಬಟ್ಟಲನ್ನೂ ಒಂದರೊಳಗೊಂದು ಇಟ್ಟು ನನ್ನ ಬಳಿ ತಂದಳು. ಕೊಡಲು ಕೈ ಚಾಚಿದಳು, ಆದರೆ ಬಿಡಲಿಲ್ಲ. ಅತ್ತ ಅವಳು, ಇತ್ತ ನಾನು, ಬಟ್ಟಲು ಹಿಡಿದುಕೊಂಡೇ ನಿಂತೆವು.

"ಅತ್ತೆ."

"ಹೋಗೇ, ಹೋಗು. ಅನ್ನಕ್ಕಿಟ್ಟಿದ್ದೀಯಾ ಇಲ್ವಾ?"

"ಅಯ್ಯೋ, ಇಬ್ಬರಿಗೆ ಮಾತ್ರ ನೆನೆಸಿಟ್ಟಿದ್ದೆ!" ಎಂದು ಬಟ್ಟಲು ಬಿಟ್ಟು ಓಡಿದಳು.

ನಾನು ಹೊರಗಿನ ಕಟಕಟೆಗೆ ಬಂದು ನೋಡಿದೆ. ಮೋಡದ ಒಂದು ಚೂರೂ ಇಲ್ಲದ ಆಕಾಶದ ಕೆಳಗೆ ಇತ್ಸುಕೊ ಕೊಡೆ ಬಿಚ್ಚಿ ಹಿಡಿದು, ಶತ್ರುವಿನ ಊರಿಗೆ ಹೊಕ್ಕವಳ ಹಾಗೆ ದ್ವೀಪಕ್ಕೆ ಮೊದಲ ಹೆಜ್ಜೆಯಿಟ್ಟಳು. ತಲೆಯೆತ್ತಿ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಒಂದು ಸಲ ನೋಡಿದಳು. ಹಿಂದೆ ಕೋಲು ಹೊತ್ತ ಮಗ, ಅವನ ಹಿಂದೆ ಬುಟ್ಟಿ ಹೊತ್ತ ಅಣ್ಣ. ಚಿಜುರು ಎಲ್ಲರಿಗಿಂತ ಮುಂದೆ, ಅಕ್ಕಿ ತೊಳೆಯುವ ಅವಸರದಲ್ಲಿ. ನೇರಳೆ ಗಂಟು ಆಗಲೇ ಅವಳ ಕೈಯಲ್ಲಿತ್ತು. ಅದು ಯಾವಾಗ ಕೈ ಬದಲಾಯಿಸಿತೋ ನಾನು ನೋಡಲಿಲ್ಲ.

ಆ ದಿನ ಮತ್ತೆ ಎಂಟು ಸಲ ದಾಟಿದೆ. ಪ್ರತಿ ಸಲ ದ್ವೀಪದ ದಡ ಬಂದಾಗಲೂ ಕುತ್ತಿಗೆ ಚಾಚಿ ನೋಡಿದೆ. ನಾಲ್ಕು ಗಂಟೆಯ ಹಡಗಿಗೆ ಬಂದಳು. ಒಬ್ಬಳೇ. ಮಗ ಇನ್ನೆರಡು ಸಾಲು ಕಳೆ ಮುಗಿಸಿ ಬರುತ್ತಾನಂತೆ. ಅವಳ ಕೂದಲಲ್ಲಿ, ಕೊಡೆಯ ಮಡಿಕೆಗಳಲ್ಲಿ, ಬೂದು ಕಿಮೋನೊದ ಭುಜದ ಮೇಲೆ ಬೂದಿ. ತೋಳಿನಲ್ಲಿ ಎಲೆ ಸಮೇತ ಒಂದು ಮೂಲಂಗಿ, ಮಗುವನ್ನು ಎತ್ತಿದ ಹಾಗೆ.

"ಊಟದ ಮಧ್ಯೆ ಗುಡುಗಿತು," ಎಂದಳು ಕೂರುವ ಮೊದಲೇ. "ಕಿಟಕಿ ತೆರೆದಿತ್ತು. ನಾನು ಗಾಬರಿ ಬಿದ್ದು ನನ್ನ ಬಟ್ಟಲೇ ಮುಚ್ಕೊಂಡೆ. ನಿಮ್ಮಣ್ಣ ಹೇಳ್ತಾರೆ, ಅವರಮ್ಮ ಇದ್ದಿದ್ರೆ ಬೆನ್ನ ಮೇಲೆ ಒಂದು ಬೀಳ್ತಿತ್ತಂತೆ! ಎಷ್ಟು ಧೈರ್ಯ ನೋಡಿ. ಮಗ ಮೂರನೇ ಸಲ ಬೂದಿ ತಿಂದ."

"ಆಮೇಲೆ?"

"ಆಮೇಲೇನು. ಮದುವೆ ಮಾರ್ಚಲ್ಲಿ, ಮೂಲಂಗಿ ಎಲ್ಲ ಕಿತ್ತ ಮೇಲೆ. ಅಲ್ಲೇ ಇರ್ಲಿ ಇಬ್ರೂ. ಭಾನುವಾರ ಅಂಗಡಿ ರಜ ಮಾಡ್ತೀನಿ, ಊಟಕ್ಕೆ ಅಲ್ಲಿಗೇ ಹೋಗ್ತೀನಿ. ಆ ಮುದುಕನ ಕೈ ಎಟುಕಲ್ವಂತಲ್ಲ." ಮೂಲಂಗಿಯನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. "ಒಂದು ಬಟ್ಟಲು ಕೊಡಿ. ವಡೆ ಬೇಡ. ನಾಳೆಯಿಂದ ವಡೆ ನಾನೇ ಕಳಿಸ್ತೀನಿ, ಆ ಹಿಟ್ಟಿನ ಚಕ್ರ ಕಡಲಿಗೆ ಎಸೀರಿ. ಮೀನುಗಳು ತಿನ್ಲಿ, ಅವಕ್ಕೆ ತಮ್ಮ ನೆಂಟರಲ್ಲ ಅಂತ ಗೊತ್ತಾಗುತ್ತೆ."

ಅವಳ ಎಡಗಡೆ ಒಬ್ಬ ದಪ್ಪ ಮನುಷ್ಯ ಕೂತು ತಿನ್ನುತ್ತಿದ್ದ. ಎಲ್ಲಿಂದಲೋ ಬಂದ ಪ್ರವಾಸಿ, ಕೊರಳಲ್ಲಿ ಕ್ಯಾಮರಾ. ಹಡಗು ದಡ ಬಿಟ್ಟು ಅರ್ಧ ಕೊಲ್ಲಿ ದಾಟಿರಬಹುದು, ಹಿಂದಿನಿಂದ ಬೆಟ್ಟ ಒಂದು ಸಲ, ಹೊಟ್ಟೆಯಾಳದಿಂದ, ಗುಡುಗಿತು. ಈ ಸಲ ನಿಜವಾದದ್ದು. ನಾನು ಹಂಡೆ ಮುಚ್ಚಿದೆ.

"ಏನ್ರೀ! ಏನ್ಮಾಡ್ತಿದ್ದೀರಿ?" ಎಂದು ಆ ಮನುಷ್ಯ ಕಿರುಚಿದ.

ತಿರುಗಿ ನೋಡಿದರೆ ಇತ್ಸುಕೊಳ ಎಡಗೈ ಅವನ ಬಟ್ಟಲಿನ ಮೇಲೆ ಅಗಲವಾಗಿ ಹರಡಿತ್ತು. ಅವಳೂ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಮುಖ ಹಿಗ್ಗಿನಿಂದ ಅರಳುತ್ತಿತ್ತು.

"ಒಂದೇ ಊಟ!" ಎಂದಳು. "ಆ ದಡ್ಡನಿಗೆ ಹದಿಮೂರು ಬೇಕಾಯ್ತು!"

"ಅಲ್ಲ, ನನ್ನ ಶಾವಿಗೆ..." ಎಂದ ಆ ಮನುಷ್ಯ.

"ಸುಮ್ನೆ ಇರಿ, ಬೂದಿ ಬೀಳುತ್ತೆ," ಎಂದು ಗದರಿ, ಗಾಜು ಮುಚ್ಚಿದ ಕಿಟಕಿಯ ಪಕ್ಕದಲ್ಲಿ, ಚಾವಣಿಯ ಕೆಳಗೆ, ಇತ್ಸುಕೊ ಅವನ ಬಟ್ಟಲನ್ನು ಇನ್ನೂ ಒಂದು ಗಳಿಗೆ ಭದ್ರವಾಗಿ ಮುಚ್ಚಿಕೊಂಡೇ ಕೂತಳು.